ಒಳ್ಳೆಯ ಕೋಡ್ ಬರೆದೆ, ಆದರೆ ಸಮಾಧಾನ ಇಲ್ಲ. ಏನು ಮಾಡಲಿ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದವನು. ಬಿ.ಟೆಕ್ ಮುಗಿಸಿ ಮಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುವ ಕೆಲಸದಲ್ಲಿದ್ದೇನೆ. ಈಗ ಕೈಯಲ್ಲಿರುವುದು ಸಾಲ ಕೊಡುವ ಒಂದು ಆ್ಯಪ್. ಕಾಂಟ್ಯಾಕ್ಟ್ ಪಟ್ಟಿ ಓದಲು ಅನುಮತಿ ಕೊಡದಿದ್ದರೆ ಆ್ಯಪ್ ಮುಂದೆ ಹೋಗಬಾರದು, ವಿಮೆಯ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿರಬೇಕು, 'ಬೇಡ' ಎನ್ನುವ ಬಟನ್ ಮಸುಕಾಗಿರಬೇಕು ಎಂದು ಹೇಳಿದ್ದರು. ಎಲ್ಲವನ್ನೂ ಚೊಕ್ಕವಾಗಿ ಬರೆದುಕೊಟ್ಟೆ. ಟೀಮಿನಲ್ಲಿ ಹೊಗಳಿದರು. ಅದೇ ಹೊತ್ತಿಗೆ ನನ್ನ ದೊಡ್ಡಪ್ಪ ಇಂಥದ್ದೇ ಬೇರೊಂದು ಆ್ಯಪಿನಲ್ಲಿ ಸಾಲ ತೆಗೆದಿದ್ದರು. ಕಂತು ತಡವಾಯಿತು ಎಂದು ನೆಂಟರಿಗೆಲ್ಲ ಫೋನ್ ಹೋಯಿತು. ಮರ್ಯಾದೆ ಹೋಯಿತು ಎಂದು ಅವರು ಈಗ ಮನೆಯಿಂದ ಹೊರಗೇ ಬರುತ್ತಿಲ್ಲ. ನಿರ್ಧಾರ ನನ್ನದಲ್ಲ, ಹೇಳಿದ್ದನ್ನು ಬರೆಯುವವನು ನಾನು. ಆದರೂ ಸಮಾಧಾನ ಇಲ್ಲ. ಕೋಡ್ ಚೆನ್ನಾಗಿದೆ ಎಂದು ಹೆಮ್ಮೆ ಪಡುವುದು ತಪ್ಪಾ? ಶಿಕ್ಷಣ ಸಾಲ ಇನ್ನೂ ತೀರಿಲ್ಲ. ಕೆಲಸ ಬಿಡಬೇಕಾ?

ಉತ್ತರ: ಮೊದಲು ದೊಡ್ಡಪ್ಪನ ವಿಷಯ. ಅದು ಕಾಯುವಂಥದ್ದಲ್ಲ.

ಸಾಲ ತೆಗೆದದ್ದು ಅಪರಾಧ ಅಲ್ಲ. ಕಂತು ತಡವಾದದ್ದೂ ಅಪರಾಧ ಅಲ್ಲ. ನೆಂಟರಿಗೆ ಫೋನ್ ಮಾಡಿ ಅವಮಾನ ಮಾಡಿದ್ದು ತಪ್ಪು, ಆ ತಪ್ಪು ಮಾಡಿದವರದ್ದು. ಇದನ್ನು ಅವರ ಎದುರು ಕೂತು ಬಾಯಿಬಿಟ್ಟು ಹೇಳಿ. ಮನೆಯವರು ಸುಮ್ಮನಿದ್ದರೆ ಅವರಿಗೆ ಅದು ಬೈದ ಹಾಗೆಯೇ ಕೇಳಿಸುತ್ತದೆ. ಫೋನ್ ಬಂದ ನಂಬರುಗಳು, ಮೆಸೇಜುಗಳು, ಆ್ಯಪಿನ ಹೆಸರು, ಕಟ್ಟಿದ ಹಣದ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬೆದರಿಕೆ ಬಂದಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಪೊಲೀಸ್ ಠಾಣೆಗೂ ದೂರು ಕೊಡಿ. ಸಾಲ ಕೊಟ್ಟದ್ದು ನೋಂದಾಯಿತ ಹಣಕಾಸು ಸಂಸ್ಥೆ ಆಗಿದ್ದರೆ ಮೊದಲು ಅವರಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ಹೋಗಬಹುದು. ಸಾಲ ಕೊಟ್ಟವರು ಯಾರೆಂದೇ ಗೊತ್ತಾಗದಿದ್ದರೆ ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್ ಇದೆ, ಅಲ್ಲಿ ದೂರು ಹಾಕಿ. ಈ ಓಡಾಟ ನೀವೇ ಮಾಡಿ. ಆ ವಯಸ್ಸಿನವರಿಗೆ ಪೋರ್ಟಲ್ ಹುಡುಕುತ್ತಾ ಕೂರಲು ಆಗುವುದಿಲ್ಲ.

ಈಗ ನಿಮ್ಮ ವಿಷಯ.

'ನಿರ್ಧಾರ ನನ್ನದಲ್ಲ' ಎಂದಿದ್ದೀರಿ. ಅದರಲ್ಲಿ ಅರ್ಧ ಸತ್ಯ ಇದೆ. ವಿಮೆ ಮಾರಬೇಕು ಎಂದು ತೀರ್ಮಾನಿಸಿದ್ದು ನೀವಲ್ಲ. ಕಾಂಟ್ಯಾಕ್ಟ್ ಪಟ್ಟಿ ಬೇಕು ಎಂದು ಕೇಳಿದ್ದೂ ನೀವಲ್ಲ. ಆದರೆ ಇನ್ನರ್ಧ ನೋಡಿ. ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಮೇಲಿನಿಂದ ಕೆಟ್ಟ ಆದೇಶ ಬಂದರೂ, ಎದುರು ನಿಂತವರ ಮುಖ ನೋಡಿದಾಗ ಮನಸ್ಸು ಕರಗಬಹುದು. 'ಸ್ವಲ್ಪ ಓದಿ ನೋಡಿ, ಇದು ನಿಮಗೆ ಬೇಡ' ಎಂದು ಮೆಲ್ಲಗೆ ಹೇಳಬಹುದು. ಕೋಡಿಗೆ ಮುಖ ಕಾಣುವುದಿಲ್ಲ. ರಾತ್ರಿ ಆಸ್ಪತ್ರೆಯ ಬಿಲ್ಲಿಗೆ ದುಡ್ಡು ಹುಡುಕುವವರಿಗೂ, ಹೊಸ ಟಿ.ವಿ. ಕೊಳ್ಳುವವರಿಗೂ ಅದು ಒಂದೇ ಥರ ನಡೆದುಕೊಳ್ಳುತ್ತದೆ. ಕರಗುವುದೋ ಬಿಡುವುದೋ ಎಂಬುದೆಲ್ಲ ನೀವು ಬರೆಯುವ ಹೊತ್ತಿಗೇ ಮುಗಿದುಹೋಗಿರುತ್ತದೆ. ನೀವು ಆಮೇಲೆ ಅಲ್ಲಿ ಇರುವುದಿಲ್ಲ. ಹಾಗಾಗಿ ಆ ಮೆಲುಮಾತು ಹೇಳುವ ಅವಕಾಶ ಇರುವುದು ಈಗ, ನಿಮ್ಮ ಮೇಜಿನಲ್ಲಿ, ಇನ್ನೂ ಬಿಲ್ಡ್ (ಸಿದ್ಧವಾದ ಆ್ಯಪ್) ಹೊರಗೆ ಹೋಗದಿರುವಾಗ.

'ಹೇಳಿದ್ದು ಮಾಡಿದೆ' ಎಂಬುದು ಕಾನೂನಿನ ಎದುರೂ ಯಾವಾಗಲೂ ನಿಲ್ಲುವುದಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಮೋಸ ಬಯಲಾಯಿತು. ಕಾರಿನೊಳಗಿನ ಸಾಫ್ಟ್‌ವೇರ್ ಸ್ಟೀರಿಂಗ್ ತಿರುಗುತ್ತಿದೆಯೇ, ವೇಗ ಎಷ್ಟಿದೆ, ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬುದನ್ನೆಲ್ಲ ನೋಡಿ, 'ಇದು ಹೊಗೆ ಪರೀಕ್ಷೆ' ಎಂದು ಗುರುತಿಸುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಸಭ್ಯವಾಗಿರುತ್ತಿತ್ತು. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟಿನವರೆಗೂ ಹೋಗುತ್ತಿತ್ತು ಎಂದು ಅಮೆರಿಕದ ಪರಿಸರ ಸಂಸ್ಥೆ ಹೇಳಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರ್‌ಗೆ 2017ರಲ್ಲಿ ಅಮೆರಿಕದ ಕೋರ್ಟು 40 ತಿಂಗಳ ಜೈಲು ಮತ್ತು 2 ಲಕ್ಷ ಡಾಲರ್ ದಂಡ ವಿಧಿಸಿತು. ಅವರು ಕಂಪನಿಯ ಯಜಮಾನರಲ್ಲ, ನಮ್ಮ ಹಾಗೆ ಕೆಲಸಕ್ಕೆ ಸೇರಿದವರು. ಆ ಸಾಫ್ಟ್‌ವೇರ್ ತಾಂತ್ರಿಕವಾಗಿ ತುಂಬ ಜಾಣತನದ್ದು. ಅದನ್ನು ನೆನೆದರೆ ನನಗೆ ಬೇಸರವಾಗುವುದು ಇದಕ್ಕೇ. ಅಷ್ಟು ಒಳ್ಳೆಯ ತಲೆಗಳು ಅಷ್ಟು ದುಡಿದದ್ದು ಜನರಿಗೆ ಕೆಟ್ಟ ಗಾಳಿ ಕುಡಿಸಲಿಕ್ಕೆ.

ನೀವು ಪೆರ್ಲದವರು. ಹಾಗಾಗಿ ಇನ್ನೊಂದು ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಒಂದೆರಡು ವರ್ಷ ಅಲ್ಲ. 1970ರ ದಶಕದಿಂದ 2000ದವರೆಗೆ. ಆ ಕೆಲಸ ಎಷ್ಟೋ ಕೈಗಳಲ್ಲಿ ಹಂಚಿಹೋಗಿತ್ತು. ಔಷಧಿ ತಯಾರಿಸಿದವರು ಬೇರೆ, ಖರೀದಿಗೆ ಸಹಿ ಹಾಕಿದವರು ಬೇರೆ, ಟ್ಯಾಂಕಿಗೆ ತುಂಬಿದವರು ಬೇರೆ, ಹಾರಿಸಿದವರು ಬೇರೆ. ಕೆಳಗಿದ್ದ ಮನೆ, ತೆರೆದ ಬಾವಿ, ತೋಡು, ಗುಡ್ಡ ಕೊರೆದ ಸುರಂಗದ ನೀರು ಇವುಗಳನ್ನೆಲ್ಲ ಒಟ್ಟಾಗಿ ನೋಡಿದವರು ಊರಲ್ಲೇ ಇದ್ದವರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುತ್ತಿದ್ದ ರೋಗಿಗಳನ್ನು ನೋಡಿ ಇದೇಕೆ ಹೀಗೆ ಎಂದು ಕೇಳಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ತೊಂದರೆಗೊಳಗಾದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದು ಹೇಳಿದ್ದು 2017ರಲ್ಲಿ. ಒಂದು ಆ್ಯಪಿನ ಟಿಕ್ ಗುರುತನ್ನೂ ಆ ದುರಂತವನ್ನೂ ನಾನು ಒಂದೇ ಸಾಲಿನಲ್ಲಿ ಇಡುತ್ತಿಲ್ಲ. ಆ ನೋವಿಗೆ ಸಮ ಇಲ್ಲ. ನಾನು ಹೇಳುತ್ತಿರುವುದು ಕೆಲಸ ಹಂಚಿಹೋಗುವ ರೀತಿಯ ಬಗ್ಗೆ ಮಾತ್ರ. ಕೆಲಸ ಹಂಚಿದಷ್ಟೂ ಹೊಣೆ ಕಡಿಮೆಯಾಯಿತು ಎಂದು ಪ್ರತಿಯೊಬ್ಬರಿಗೂ ಅನಿಸುತ್ತದೆ. ಕೆಳಗೆ ಬೀಳುವುದು ಮಾತ್ರ ಪೂರ್ತಿಯಾಗಿಯೇ ಬೀಳುತ್ತದೆ.

ಸಾಫ್ಟ್‌ವೇರ್ ಟೀಮುಗಳು ನಡೆಯುವುದೂ ಹೀಗೇ ಅಲ್ವಾ? ಬಿಸಿನೆಸ್‌ನವರು ಬೇಕು ಎಂದರು, ಡಿಸೈನರ್ ಬಣ್ಣ ಮಸುಕು ಮಾಡಿದರು, ನೀವು ಬರೆದಿರಿ, ಟೆಸ್ಟರ್ 'ಹೇಳಿದ ಹಾಗೆ ಇದೆ' ಎಂದು ಪಾಸ್ ಮಾಡಿದರು. ಎಲ್ಲವನ್ನೂ ಸೇರಿಸಿ ದೊಡ್ಡಪ್ಪನ ಕಣ್ಣಿನಿಂದ ಯಾರೂ ನೋಡಲಿಲ್ಲ. ನೋಡಬಲ್ಲವರು ಒಬ್ಬರಿದ್ದರೆ ಅದು ನೀವು. ಏಕೆಂದರೆ ಎಲ್ಲವೂ ಕೊನೆಗೆ ಒಂದಾಗುವುದು ಪ್ರೋಗ್ರಾಮರ್ ಕೈಯಲ್ಲಿ.

ಇನ್ನು ಹೆಮ್ಮೆಯ ಪ್ರಶ್ನೆ. ಹೆಮ್ಮೆ ಪಡುವುದು ಖಂಡಿತ ತಪ್ಪಲ್ಲ ಮಾರಾಯ್ರೇ. ಹೆಮ್ಮೆ ಇಲ್ಲದವರ ಕೈಯಲ್ಲಿ ಒಳ್ಳೆಯ ಸಾಫ್ಟ್‌ವೇರ್ ಹುಟ್ಟಿದ್ದನ್ನು ನಾನು ನೋಡಿಲ್ಲ. ಯಾರೂ ತೆರೆದು ನೋಡದ ಫಂಕ್ಷನ್‌ಗೂ (ಕೋಡಿನ ಸಣ್ಣ ತುಂಡಿಗೂ) ಸರಿಯಾದ ಹೆಸರು ಹುಡುಕುವುದು, ಹಣ ಕಡಿತವಾಗುವ ಹೊತ್ತಿಗೇ ನೆಟ್‌ವರ್ಕ್ ಹೋದರೆ ಎರಡನೇ ಸಲ ಕಡಿತವಾಗದ ಹಾಗೆ ನೋಡಿಕೊಳ್ಳುವುದು, ಹಳೆಯ ಫೋನಿನಲ್ಲೂ ಓಡಲಿ ಎಂದು ಕೂತು ಆ್ಯಪಿನ ತೂಕ ಇಳಿಸುವುದು, ಇದನ್ನೆಲ್ಲ ಬರೀ ಸಂಬಳಕ್ಕಾಗಿ ಯಾರೂ ಮಾಡುವುದಿಲ್ಲ. ಮಾಡಿಸುವುದು ಹೆಮ್ಮೆ.

ಆದರೆ ಹೆಮ್ಮೆ ಎಲ್ಲಿ ಕೂತಿದೆ ಎಂಬುದು ಮುಖ್ಯ. ನಿಮ್ಮ ಕಡೆಯ ಸುರಂಗಗಳನ್ನೇ ತೆಗೆದುಕೊಳ್ಳಿ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗಿ ನೀರು ಹಿಡಿಯುವ ಕೆಲಸ ಅದು. ಬಗ್ಗಿಕೊಂಡು, ಕತ್ತಲಲ್ಲಿ, ಸಣ್ಣ ಬೆಳಕಿನಲ್ಲಿ ಅಗೆಯಬೇಕು. ಪೆರ್ಲದಿಂದ ಹತ್ತಿರದಲ್ಲೇ ಇರುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ಒಳಗೋಡೆ ಎಷ್ಟು ನೇರ ಇದೆ ಎಂಬುದರಲ್ಲಿ ಅಗೆದವರ ಕೈಚಳಕ ಕಾಣುತ್ತದೆ, ನಿಜ. ಆದರೆ ಅವರು ಕಾದು ಕೂರುವುದು ನೀರಿಗೆ. ಗೋಡೆ ಎಷ್ಟೇ ಚೆಂದ ಇರಲಿ, ನೀರು ಬರದಿದ್ದರೆ ಇನ್ನೊಂದು ಕಡೆ ಅಗೆಯಲು ಹೊರಡುತ್ತಾರೆ.

ನಿಮ್ಮ ಆ್ಯಪಿನ ಒಳಗೋಡೆ ಚೆನ್ನಾಗಿದೆ. ಹೊಗಳಿದವರೂ ಒಳಗಿನವರೇ. ನೀರು ಕುಡಿಯಬೇಕಾದವರು ಹೊರಗಿದ್ದಾರೆ, ಅವರಿಗೆ ಅದು ಒಳ್ಳೆಯದು ಮಾಡುತ್ತಿಲ್ಲ. ನಿಮಗೆ ಸಮಾಧಾನ ಇಲ್ಲದಿರುವುದಕ್ಕೆ ಕಾರಣ ನಿಮ್ಮ ಹೆಮ್ಮೆಯೇ ಎಂದು ನನಗನಿಸುತ್ತದೆ. ಕೆಲಸದ ಬಗ್ಗೆ ಅಭಿಮಾನ ಇಲ್ಲದವರಿಗೆ ಈ ಚಡಪಡಿಕೆ ಬರುವುದೇ ಇಲ್ಲ. ಅದನ್ನು ಅದುಮಿಡಬೇಡಿ.

ಹೆಮ್ಮೆ ಕೆಡುವ ಇನ್ನೊಂದು ದಾರಿಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. 'ನಮ್ಮ ಸಿಸ್ಟಮ್ ತಪ್ಪು ಮಾಡುವುದಿಲ್ಲ' ಎಂಬ ಹೆಮ್ಮೆ. ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಿಂದ 'ಹೊರೈಜನ್' ಎಂಬ ಲೆಕ್ಕಪತ್ರ ಸಾಫ್ಟ್‌ವೇರ್ ಬಂತು. ಹಳ್ಳಿಯ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಇಲ್ಲದ ಕೊರತೆ ತೋರಿಸಿತು. ಅವರು ಗೋಗರೆದರು. ಕಂಪ್ಯೂಟರ್ ಹೇಳಿದ್ದೇ ಸರಿ ಎಂದು ಅಧಿಕಾರಿಗಳು ಹಠ ಹಿಡಿದರು. 900ಕ್ಕೂ ಹೆಚ್ಚು ಮಂದಿ ಕಳ್ಳರೆಂದು, ಮೋಸಗಾರರೆಂದು ಶಿಕ್ಷೆಗೊಳಗಾದರು. ಕೆಲವರು ಜೈಲಿಗೆ ಹೋದರು, ಮನೆ ಕಳೆದುಕೊಂಡರು, ಕೆಲವರು ಜೀವವನ್ನೇ ಬಿಟ್ಟರು. ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು ಎಂದು ಕೋರ್ಟು ಸ್ಪಷ್ಟವಾಗಿ ಹೇಳಿದ್ದು 2019ರಲ್ಲಿ. 2024ರಲ್ಲಿ ಸಂಸತ್ತು ಕಾನೂನು ತಂದು ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಬೇಕಾಯಿತು. ಅಲ್ಲಿ ದೋಷ ಇದ್ದದ್ದಕ್ಕಿಂತ ದೊಡ್ಡ ತಪ್ಪು, ದೋಷ ಇದೆ ಎಂದು ಒಳಗೆ ಗೊತ್ತಿದ್ದ ಮಾತು ಹೊರಗೆ ಬಾರದೆ ಉಳಿದದ್ದು.

ಇದಕ್ಕೆ ಎದುರಾಗಿ ಡೊನಾಲ್ಡ್ ಕ್ನೂತ್ ಅವರನ್ನು ನೋಡಿ. ಪ್ರೋಗ್ರಾಮಿಂಗ್ ಕಲಿತವರಿಗೆಲ್ಲ ಆ ಹೆಸರು ಗೊತ್ತು. ಅಕ್ಷರ ಜೋಡಣೆಯ 'ಟೆಕ್' ಎಂಬ ಸಾಫ್ಟ್‌ವೇರ್ ಬರೆದವರು. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಅವರು 2008ರವರೆಗೆ 2.56 ಡಾಲರಿನ ಚೆಕ್ ಕೊಡುತ್ತಿದ್ದರು. ಕಂಪ್ಯೂಟರಿನವರ ಹದಿನಾರರ ಲೆಕ್ಕದಲ್ಲಿ 256ನ್ನು 100 ಎಂದು ಬರೆಯುತ್ತಾರೆ, ಹಾಗಾಗಿ 256 ಸೆಂಟ್ ಎಂದರೆ ಅಲ್ಲಿ ಒಂದು ಡಾಲರ್! ಟೆಕ್‌ನಲ್ಲಿ ತಪ್ಪು ಹಿಡಿದವರಿಗೂ ಚೆಕ್ ಕೊಟ್ಟಿದ್ದಾರೆ. ಎಷ್ಟೋ ಜನ ಆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಗೋಡೆಗೆ ಹಾಕಿಕೊಂಡಿದ್ದಾರೆ. ತನ್ನ ಕೆಲಸದ ಮೇಲೆ ಅಷ್ಟು ಹೆಮ್ಮೆ ಇದ್ದವರಿಗೆ ಮಾತ್ರ ತಪ್ಪು ತೋರಿಸಿ ಎಂದು ದುಡ್ಡು ಕೊಟ್ಟು ಕೇಳುವ ಧೈರ್ಯ ಇರುತ್ತದೆ. ನಿಮ್ಮ ವಯಸ್ಸಿನವರು ಬೆಳೆಸಿಕೊಳ್ಳಬೇಕಾದ ಹೆಮ್ಮೆ ಇದು ಎಂದು ನಾನು ಮನಸಾರೆ ನಂಬುತ್ತೇನೆ.

ನಾನು ಕೆಲಸದಲ್ಲಿ ಇಟ್ಟುಕೊಂಡಿರುವ ಅಳತೆ ಒಂದೇ. ನಾನು ಬರೆದದ್ದು ಏನು ಮಾಡುತ್ತದೆ ಎಂಬುದನ್ನು, ಬಳಸುವವರ ಪಕ್ಕ ಕೂತು, ಅವರ ಭಾಷೆಯಲ್ಲಿ, ಏನೂ ಮುಚ್ಚಿಡದೆ ಹೇಳಲು ಆಗಬೇಕು. ಕೇಳಿದ ಮೇಲೂ ಅವರು ಅದನ್ನು ಬಳಸಲು ಒಪ್ಪಬೇಕು. ನಿಮ್ಮ ಮೂರು ಕೆಲಸಗಳನ್ನು ಈ ಅಳತೆಗೆ ಹಾಕಿ ನೋಡಿ.

ಟಿಕ್ ಮತ್ತು ಬಟನ್ ವಿಷಯ ಬೇಗ ಮುಗಿಯುತ್ತದೆ. 'ದೊಡ್ಡಪ್ಪಾ, ಈ ಟಿಕ್ ನಾನೇ ಮೊದಲೇ ಹಾಕಿಟ್ಟದ್ದು. ನೀವು ಗಮನಿಸದೆ ವಿಮೆ ಕೊಳ್ಳಲಿ ಎಂದು. ಬೇಡ ಎನ್ನುವ ಬಟನ್ ಕಾಣಬಾರದು ಎಂದು ಬಣ್ಣ ಇಳಿಸಿದ್ದೂ ನಾನೇ.' ಈ ಮಾತು ನಿಮ್ಮ ಬಾಯಿಂದ ಬರುತ್ತದಾ? ಬರುವುದಿಲ್ಲ. ಇದನ್ನು ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇದರ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. 13 ಬಗೆಯ ಕುತಂತ್ರಗಳನ್ನು ಹೆಸರಿಸಿದೆ. ಕೇಳದೆ ಬುಟ್ಟಿಗೆ ಹೆಚ್ಚುವರಿ ಸರಕು ಸೇರಿಸುವುದು ಅದರಲ್ಲಿದೆ. ಒಂದು ಆಯ್ಕೆ ಎದ್ದು ಕಾಣುವ ಹಾಗೆ, ಇನ್ನೊಂದು ಅಡಗುವ ಹಾಗೆ ಮಾಡುವುದೂ ಇದೆ. ವಿಮೆ ಬೇಡ ಎನ್ನುವವರನ್ನು ನಾಚಿಸುವ ಹಾಗೆ ಮಾತು ಬರೆಯುವುದೂ ಇದೆ. ನಿಮಗೆ ಕೊಟ್ಟ ಕೆಲಸ ಆ ಪಟ್ಟಿಯಲ್ಲಿ ನೇರವಾಗಿ ಸಿಗುತ್ತದೆ.

ಕಾಂಟ್ಯಾಕ್ಟ್ ಪಟ್ಟಿಯ ವಿಷಯ ಇದಕ್ಕಿಂತ ಗಂಭೀರ. ಸ್ವಲ್ಪ ನಿಂತು ಯೋಚಿಸಬೇಕು. ಟಿಕ್ ಹಾಕಿದರೆ ನಷ್ಟ ಆ ಒಬ್ಬರಿಗೆ. ಕಾಂಟ್ಯಾಕ್ಟ್ ಪಟ್ಟಿ ತೆಗೆದರೆ ಅದರಲ್ಲಿರುವ ಪ್ರತಿಯೊಬ್ಬರದ್ದೂ ಹೋಯಿತು. ಮಗಳನ್ನು ಕೊಟ್ಟ ಮನೆಯವರು, ಅಡಿಕೆ ಕೊಯ್ಯುವವರು, ಶಾಲೆಯ ಟೀಚರ್, ಪಂಚಾಯತ್ ಮೆಂಬರ್, ದೇವಸ್ಥಾನದ ಭಟ್ರು. ಅವರ್ಯಾರೂ ಸಾಲ ಕೇಳಿರಲಿಲ್ಲ. ಅವರ್ಯಾರೂ ಅನುಮತಿ ಕೊಡಲಿಲ್ಲ. ದೊಡ್ಡಪ್ಪ 'ಅಲೋ' (ಅನುಮತಿ ಇದೆ) ಎಂಬ ಬಟನ್ ಒತ್ತಿದಾಗ ಅವರ ಪರವಾಗಿ ಒತ್ತುವ ಹಕ್ಕು ದೊಡ್ಡಪ್ಪನಿಗೂ ಇರಲಿಲ್ಲ. ಮತ್ತೆ ಆ ಪಟ್ಟಿ ಸಾಲ ಕೊಡುವವರಿಗೆ ಏಕೆ ಬೇಕು? ತೀರಿಸುವ ಶಕ್ತಿ ಇದೆಯಾ ಎಂದು ತಿಳಿಯಲು ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ, ಕ್ರೆಡಿಟ್ ಸ್ಕೋರ್ ಇದೆ. ಇಡೀ ಪಟ್ಟಿಯಿಂದ ಆಗುವ ಲಾಭ ಒಂದೇ, ಮುಂದೆ ಯಾವತ್ತಾದರೂ ಮಾನ ಹರಾಜು ಹಾಕುತ್ತೇವೆ ಎಂದು ಹೆದರಿಸುವುದು. ನಮ್ಮಂಥ ಸಣ್ಣ ಊರುಗಳಲ್ಲಿ, ಎಲ್ಲರಿಗೂ ಎಲ್ಲರ ಪರಿಚಯ ಇರುವ ಕಡೆ, ಆ ಹೆದರಿಕೆಯ ಬಲ ಜಾಸ್ತಿ. ಅದು ನಿಮಗೆ ಈಗ ಮನೆಯಲ್ಲೇ ಕಾಣುತ್ತಿದೆ.

ಕಾನೂನು ಕೂಡ ಇಲ್ಲಿ ನಿಮ್ಮ ಪರ ಇದೆ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಡಿಜಿಟಲ್ ಸಾಲಕ್ಕೆ ಮಾರ್ಗಸೂಚಿ ತಂದಿತು. 2025ರಲ್ಲಿ ಅದನ್ನು ಹೊಸ ನಿರ್ದೇಶನಗಳಾಗಿ ಮತ್ತೆ ಹೊರಡಿಸಿತು. ಸಾಲದ ಆ್ಯಪುಗಳು ಫೋನಿನ ಕಡತ, ಫೋಟೊ, ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ ಇವುಗಳನ್ನು ಮುಟ್ಟಬಾರದು. ಕೆವೈಸಿಗೆ ಬೇಕಾದರೆ ಕ್ಯಾಮೆರಾ, ಮೈಕ್, ಲೊಕೇಶನ್ ಒಂದು ಸಲ ಕೇಳಬಹುದು, ಅದೂ ಸ್ಪಷ್ಟ ಒಪ್ಪಿಗೆಯಿಂದ. ಗೂಗಲ್ ಪ್ಲೇ ಸ್ಟೋರ್ ಕೂಡ 2023ರ ಮೇ 31ರಿಂದ ವೈಯಕ್ತಿಕ ಸಾಲದ ಆ್ಯಪುಗಳು ಕಾಂಟ್ಯಾಕ್ಟ್ ಮತ್ತು ಫೋಟೊ ನೋಡುವುದನ್ನು ನಿಷೇಧಿಸಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೊಳಗೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಪಡೆದರೆ, ಆ ಕೆಲಸಕ್ಕೆ ಪಟ್ಟಿ ಬೇಕಾಗಿಲ್ಲದ ಕಾರಣ ಒಪ್ಪಿಗೆ ಅಷ್ಟರ ಮಟ್ಟಿಗೆ ಲೆಕ್ಕಕ್ಕಿಲ್ಲ ಎಂದು. ನಿಮ್ಮ ಪ್ರಕರಣಕ್ಕೆ ಇದಕ್ಕಿಂತ ಹತ್ತಿರದ ಮಾತು ಬೇಕೇ?

'ಅವರ ಭಾಷೆಯಲ್ಲಿ' ಎಂದೆ. ಅದು ಸುಮ್ನೆ ಹೇಳಿದ್ದಲ್ಲ. ಸಾಲದ ಆ್ಯಪುಗಳ ಷರತ್ತುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಮನೆಯಲ್ಲಿ ತುಳು ಅಥವಾ ಹವಿಗನ್ನಡ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ನಡೆಯುವ ನಿಮ್ಮ ಊರಿನವರಿಗೆ ಇಂಗ್ಲಿಷಿನ ಹತ್ತು ಪುಟ ತೋರಿಸಿ 'ಒಪ್ಪಿದ್ದೇನೆ' ಒತ್ತಿಸಿದರೆ ಅದು ಒಪ್ಪಿಗೆಯೇ ಅಲ್ಲ. ಈಗ ಹೇಳಿದ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ತುಳು ಇಲ್ಲ.

ಪ್ರೋಗ್ರಾಮರ್ ಆಗಿ ಭಾಷೆಯ ವಿಷಯದಲ್ಲಿ ನಿಮ್ಮ ಕೈಯಲ್ಲಿ ಇನ್ನೂ ಜಾಸ್ತಿ ಇದೆ. 'ಕೃಷ್ಣಪ್ರಸಾದ' ಎಂಬ ಹೆಸರು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಐದು ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಬೇರೆ ಬೇರೆ ಆದ್ದರಿಂದ 11 ಸಂಕೇತ. ಆ ಸಂಕೇತಗಳನ್ನು ಕೂಡಿಡುವ ಯುಟಿಎಫ್-8 ಎಂಬ ರೀತಿಯಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 33. ಅದೇ ಹೆಸರು ಇಂಗ್ಲಿಷಿನಲ್ಲಿ 13 ಬೈಟ್. ಡೇಟಾಬೇಸಿನಲ್ಲಿ ಹೆಸರಿಗೆ 30 ಬೈಟ್ ಸಾಕು ಎಂದು ಯಾರೋ ಇಂಗ್ಲಿಷ್ ಲೆಕ್ಕದಲ್ಲಿ ತೀರ್ಮಾನಿಸಿದ್ದರೆ ಆ ಮನುಷ್ಯ 'ಕೃಷ್ಣಪ್ರಸಾ' ಆಗಿಬಿಡುತ್ತಾರೆ. 21 ಬೈಟಿಗೆ ಕತ್ತರಿಸಿದರೆ 'ಕೃಷ್ಣಪ್' ಎಂದು ಹಲಂತದಲ್ಲಿ ನೇತಾಡುತ್ತಾರೆ. ಆಮೇಲೆ ದಾಖಲೆಗಳಲ್ಲಿ ಹೆಸರು ತಾಳೆಯಾಗುವುದಿಲ್ಲ. ಅವರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ಸರ್‌ನೇಮ್ ಕಡ್ಡಾಯ ಎನ್ನುವ ಫಾರ್ಮುಗಳದ್ದೂ ಇದೇ ಕಥೆ. ಮನೆಯ ಹೆಸರೋ ಊರ ಹೆಸರೋ ಇನಿಷಿಯಲ್ ಆಗಿ ಇರುವವರಿಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಇದರಲ್ಲಿ ಯಾರೂ ಮೋಸ ಮಾಡಲು ಹೊರಟಿಲ್ಲ. ಆದರೂ ಅನ್ಯಾಯ ಆಗುತ್ತದೆ. ನೀತಿ ಎಂದರೆ ಕೆಟ್ಟದ್ದನ್ನು ಬರೆಯದಿರುವುದು ಮಾತ್ರ ಎಂದುಕೊಂಡರೆ ಇದು ಕಣ್ಣಿಗೇ ಬೀಳುವುದಿಲ್ಲ. ನನ್ನ ಮಟ್ಟಿಗೆ, ನೆರೆಮನೆಯವರ ಹೆಸರು ಪೂರ್ತಿ ಉಳಿಯುವ ಹಾಗೆ ಒಂದು ಕಾಲಂ ಅಗಲ ಮಾಡುವುದು ಕೂಡ ನೀತಿಯ ಕೆಲಸವೇ.

ಹೆಮ್ಮೆ ಪಡಲು ನಮ್ಮ ಕರಾವಳಿಯಲ್ಲೇ ಮಾದರಿ ಇದೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿದರು. ಕ ಬೇಕಾದರೆ ಕೆ ಕೀಲಿ, ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. ಇದ್ದ 26 ಕೀಲಿಗಳಲ್ಲೇ ಕನ್ನಡ ಕೂತಿತು. ಕರ್ನಾಟಕ ಸರ್ಕಾರ ಒಪ್ಪಿಕೊಂಡ 'ನುಡಿ' ವಿನ್ಯಾಸದ ಬುನಾದಿ ಅದು. ಅದಕ್ಕೆ ಬೇಲಿ ಹಾಕಿ ದುಡ್ಡು ಮಾಡಲು ಅವರು ಹೋಗಲಿಲ್ಲ. ಇವತ್ತು ಕನ್ನಡ ಟೈಪ್ ಮಾಡುವ ಎಷ್ಟೋ ಮಂದಿಗೆ ಅವರ ಹೆಸರೇ ಗೊತ್ತಿಲ್ಲ, ಬೆರಳಿಗೆ ಮಾತ್ರ ಅವರ ಕೆಲಸ ಗೊತ್ತು. ಪ್ರೋಗ್ರಾಮರ್ ಒಬ್ಬರಿಗೆ ಇದಕ್ಕಿಂತ ದೊಡ್ಡ ಗೌರವ ನನಗೆ ಕಾಣುವುದಿಲ್ಲ.

ಸರಿ, ಈಗ ಏನು ಮಾಡಬೇಕು? ಮೊದಲು ಬಾಯಿಮಾತಿನಲ್ಲಿ ಟೀಮಿನ ಮುಖ್ಯಸ್ಥರಾದ ನಿಮ್ಮ ಲೀಡ್ ಹತ್ತಿರ ಹೇಳಿ. ನೀತಿಯ ಪಾಠ ಹೇಳಲು ಹೋಗಬೇಡಿ, ಜಗಳಕ್ಕೂ ಹೋಗಬೇಡಿ. ಎಷ್ಟೋ ಸಲ ಲೀಡ್‌ಗೂ ನಿಯಮ ಗೊತ್ತಿರುವುದಿಲ್ಲ. ಗ್ರಾಹಕ ಕಂಪನಿ ಕಳಿಸಿದ ಕಾಗದವನ್ನು ಅವರು ಹಾಗೇ ದಾಟಿಸಿರುತ್ತಾರೆ. ಮಾತಾದ ಮೇಲೆ ಅದೇ ದಿನ ಒಂದು ಚಿಕ್ಕ ಇಮೇಲ್ ಬರೆಯಿರಿ. ರಿಸರ್ವ್ ಬ್ಯಾಂಕ್ ನಿರ್ದೇಶನ, ಪ್ಲೇ ಸ್ಟೋರ್ ನಿಯಮ, ಗ್ರಾಹಕ ಪ್ರಾಧಿಕಾರದ ಮಾರ್ಗಸೂಚಿ ಮೂರನ್ನೂ ಹೆಸರಿಸಿ. ಆ್ಯಪ್ ಪ್ಲೇ ಸ್ಟೋರಿನಿಂದ ಹೊರಬಿದ್ದರೆ ಗ್ರಾಹಕ ಕಂಪನಿಗೂ ನಮಗೂ ನಷ್ಟ ಎಂದು ಬರೆಯಿರಿ. ಅದು ನಿಜವೂ ಹೌದು, ವ್ಯವಹಾರದವರಿಗೆ ಬೇಗ ಅರ್ಥವಾಗುವ ಮಾತೂ ಹೌದು.

ಬರೀ 'ಆಗುವುದಿಲ್ಲ' ಎನ್ನಬೇಡಿ, ಬದಲಿ ದಾರಿ ಜೊತೆಗೇ ಕೊಡಿ. ತುರ್ತಿಗೆ ಒಬ್ಬರ ನಂಬರ್ ಬೇಕಾದರೆ ಆಂಡ್ರಾಯ್ಡಿನ ಕಾಂಟ್ಯಾಕ್ಟ್ ಪಿಕರ್ ಬಳಸಿದರೆ ಸಾಕು. ಬಳಸುವವರೇ ಒಬ್ಬರನ್ನು ಆರಿಸುತ್ತಾರೆ, ಆ ಒಂದು ನಂಬರ್ ಮಾತ್ರ ನಿಮಗೆ ಸಿಗುತ್ತದೆ. ಇಡೀ ಪಟ್ಟಿ ಓದುವ ಅನುಮತಿಯೇ ಬೇಡ. ಇನ್ನೂ ಸರಳ ಬೇಕೆಂದರೆ ನಂಬರ್ ಕೈಯಲ್ಲೇ ಬರೆಯಲು ಒಂದು ಜಾಗ ಬಿಡಿ. ವಿಮೆಯ ಚೌಕ ಖಾಲಿ ಇರಲಿ, ಬೆಲೆ ಪಕ್ಕದಲ್ಲೇ ಕಾಣಲಿ. ಎರಡೂ ಬಟನ್ ಒಂದೇ ಗಾತ್ರ, ಒಂದೇ ಗಾಢತೆ. ಇದನ್ನು ಬೇರೆ ಬ್ರಾಂಚಿನಲ್ಲಿ (ಕೋಡಿನ ಪ್ರತ್ಯೇಕ ಪ್ರತಿಯಲ್ಲಿ) ಮಾಡಿ ತೋರಿಸಿ. ಕಣ್ಣೆದುರು ಓಡುವ ಆ್ಯಪ್ ಇದ್ದರೆ ಒಪ್ಪಿಸುವುದು ಸುಲಭ.

ಎರಡು ಕೆಲಸ ಮಾತ್ರ ಮಾಡಬೇಡಿ. ಕದ್ದುಮುಚ್ಚಿ ಕೋಡ್ ಕೆಡಿಸಿಡಬೇಡಿ, ಏಕೆಂದರೆ ಅದೂ ಮೋಸವೇ, ಅದಕ್ಕೆ ಬಲಿಯಾಗುವವರು ಮತ್ತೆ ಬಳಸುವವರೇ. ಕಂಪನಿಯ ಕಡತ, ಕೋಡ್ ಮನೆಗೆ ಒಯ್ಯಬೇಡಿ. ನಿಮ್ಮ ಇಮೇಲಿಗೆ ಉತ್ತರ ಏನು ಬಂತು ಎಂದು ನೀವೇ ದಿನಾಂಕ ಹಾಕಿ ಬರೆದಿಟ್ಟುಕೊಂಡರೆ ಸಾಕು.

ಅವರು ಒಪ್ಪದಿದ್ದರೆ? ಆಗ ಆ ಮೂರು ಕೆಲಸಗಳನ್ನು ನಾನು ಮಾಡುವುದಿಲ್ಲ, ಉಳಿದದ್ದನ್ನು ಮಾಡುತ್ತೇನೆ ಎಂದು ವಿನಯದಿಂದ ಹೇಳಿ. ಸಣ್ಣ ಕಂಪನಿಗಳಿಗೆ ಕೆಲಸ ಗೊತ್ತಿರುವವರು ಬೇಕೇ ಬೇಕು. ನಿಮ್ಮ ಕೈಚಳಕಕ್ಕೆ ನಿಜವಾದ ಬೆಲೆ ಸಿಗುವುದು ಇಂಥ ಹೊತ್ತಿನಲ್ಲಿ. ಕೆಲಸ ಚೆನ್ನಾಗಿ ಬಾರದವರು ಬೇಡ ಎಂದರೆ ಯಾರೂ ಕೇಳುವುದಿಲ್ಲ. ನಿಮ್ಮ ಮಾತಿಗೆ ತೂಕ ಇದೆ, ಟೀಮು ನಿಮ್ಮನ್ನು ಹೊಗಳಿದ್ದೇ ಸಾಕ್ಷಿ.

ಶಿಕ್ಷಣ ಸಾಲ ಇರುವವರಿಗೆ ನಾಳೆಯೇ ರಾಜೀನಾಮೆ ಕೊಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಮನೆಯ ಜವಾಬ್ದಾರಿ ಹೊರುವುದೂ ನೀತಿಯೇ. ಆದರೆ ನಿಮ್ಮ ಇಮೇಲಿಗೆ 'ಸುಮ್ಮನೆ ಹೇಳಿದ್ದು ಮಾಡು' ಎಂಬ ಉತ್ತರ ಬಂದರೆ ಬೇರೆ ಕೆಲಸ ಹುಡುಕಲು ಅವತ್ತೇ ಶುರು ಮಾಡಿ. ಕೈಯಲ್ಲಿ ಆಫರ್ ಬಂದ ಮೇಲೆ ಬಿಡಿ. ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ ಒಂದು ಪ್ರಶ್ನೆ ನೀವು ಕೇಳಿ: ಇಲ್ಲಿ ಎಂಜಿನಿಯರ್ ಯಾರಾದರೂ ಬೇಡ ಎಂದದ್ದಕ್ಕೆ ಯಾವುದಾದರೂ ಫೀಚರ್ ಕೈಬಿಟ್ಟದ್ದು ಇದೆಯಾ? ಥಟ್ಟನೆ ಒಂದು ಉದಾಹರಣೆ ಕೊಟ್ಟರೆ ಒಳ್ಳೆಯ ಲಕ್ಷಣ. ಪ್ರಶ್ನೆಯೇ ಅರ್ಥವಾಗಲಿಲ್ಲ ಎಂದರೆ ಸಂಬಳ ಎಷ್ಟಿದ್ದರೂ ಎರಡು ಸಲ ಯೋಚಿಸಿ.

ಇಮೇಲಿನ ಕರಡು ಬರೆದು ಕಳಿಸಿದರೆ ನೋಡಿಕೊಡುತ್ತೇನೆ. ಕಂಪನಿಯ ಹೆಸರು, ಗ್ರಾಹಕರ ಹೆಸರು ತೆಗೆದು ಕಳಿಸಿ. ಕಾಂಟ್ಯಾಕ್ಟ್ ಪಿಕರ್ ಎಲ್ಲಾದರೂ ಕೈಕೊಟ್ಟರೆ ಅದನ್ನೂ ಕೇಳಿ.